ಸ್ವಿಚ್ ಬೋರ್ಡಿಗೆ ತೂಗುವ ಚಪ್ಪಲಿ

ಇನ್ನೂ ನಸುಕು. ನಿಪ್ಪಾಣಿಯ ಹೊರಗಿನ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ತಾರವ್ವ ಚಪ್ಪಲಿ ಬಿಡುತ್ತಾಳೆ. ಬಾಗಿಲಲ್ಲಿ ಅಲ್ಲ. ಎರಡನ್ನೂ ದಾರದಿಂದ ಕಟ್ಟಿ ಮಷೀನಿನ ಸ್ವಿಚ್ ಬೋರ್ಡಿಗೆ ತೂಗುಹಾಕುತ್ತಾಳೆ, ಕುಂಕುಮ ಹಚ್ಚಿದ ಅದೇ ಬೋರ್ಡಿಗೆ! ಇವಳ ಕೆಲಸದ ಬಗ್ಗೆ ಬರೆಯಲು ಬಂದ ನಾನು ದಂಗಾಗಿ ನಿಂತಿರುವಾಗಲೇ ಸೀರೆಯ ಕಚ್ಚೆ ಬಿಗಿದು, ಬಾಯಲ್ಲಿ ಟಾರ್ಚು ಕಚ್ಚಿ, ಆ ಮಷೀನಿನ ದೊಡ್ಡ ಉಕ್ಕಿನ ಹಂಡೆಯ ಕಿಂಡಿಯೊಳಗೆ ತಲೆ ತೂರಿಸುತ್ತಾಳೆ. ಸೊಂಟ ಹೋಯಿತು, ಮೊಣಕಾಲು ಹೋಯಿತು. ಕಡೆಗೆ ಕಂಡದ್ದು ಅಂಗಾಲು.

ನಿನ್ನೆಯವರೆಗೆ ಇದರೊಳಗೆ ಕುದಿವ ಬಣ್ಣದಲ್ಲಿ ಬಟ್ಟೆ ಸುತ್ತುತ್ತಿತ್ತು. ಒಳಗೋಡೆಯಲ್ಲಿ ಕೂದಲೆಳೆಯಷ್ಟು ಮುಳ್ಳೆದ್ದರೂ ಸಾಕು, ಥಾನುಗಟ್ಟಲೆ ಬಟ್ಟೆ ಸಿಕ್ಕಿ ಹರಿಯುತ್ತದೆ. ಆ ಮುಳ್ಳು ಕಣ್ಣಿಗೆ ಕಾಣುವುದಿಲ್ಲ. ತಾರವ್ವ ಕೈಗೆ ಹಳೆಯ ನೈಲಾನ್ ಕಾಲುಚೀಲ ತೊಟ್ಟು ಗೋಡೆ ಸವರುತ್ತಾಳೆ. ಎಳೆ ತಡೆದ ಕಡೆ ಪಾಲಿಶ್ ಕಾಗದದಿಂದ ಉಜ್ಜುತ್ತಾಳೆ.

ಚಿಂಚಲಿಯಿಂದ ಕಸ ಗುಡಿಸಲು ಬಂದವಳು ಈ ಕೆಲಸಕ್ಕೆ ಬಿದ್ದದ್ದು ಹೇಗೆ? ಫಿಟ್ಟರ್ ಭೀಮಸಿ ಹೊಟ್ಟೆ ತಟ್ಟಿಕೊಳ್ಳುತ್ತಾರೆ. "ಇದು ಆ ಕಿಂಡ್ಯಾಗ ಹಿಡೀಲಿಲ್ರಿ. ಅದಕ್ಕ ಇಕಿ ಇಂಜಿನೇರ್ ಆದ್ಲು."

"ಊಟಾ ಕಡಿಮಿ ಮಾಡೋ ಮಾವಾ, ನಿನ್ನ ಕೆಲಸ ನಿನಗ ಕೊಡ್ತೀನಿ!" ಹಂಡೆಯೊಳಗಿಂದ ದನಿ ಗುಂಯ್‌ಗುಡುತ್ತದೆ.

ಚಪ್ಪಲಿ ತೂಗುತ್ತಿದ್ದರೆ ಯಾರೂ ಸ್ವಿಚ್ಚಾಗಲಿ ನೀರಿನ ತಿರುಪಾಗಲಿ ಮುಟ್ಟಬಾರದು. ಇಲ್ಲಿನ ರೂಢಿ ಅದು. ಹೋದ ವರ್ಷ ಒಂದು ಅಮಾವಾಸ್ಯೆಯಂದು ಆಗಷ್ಟೇ ಸೇರಿದ್ದ ಸೂಪರ್ವೈಸರ್ ಸುಧೀರ ಪೂಜೆಯ ತಟ್ಟೆ ಹಿಡಿದು ಬಂದರು. "ಮಷೀನ್ ಅಂದ್ರ ಲಕ್ಷ್ಮೀ ಇದ್ದಂಗರಿ. ಅದರ ಮ್ಯಾಲ ಚಪ್ಪಲಿ ಇಡೂದಂದ್ರೇನ್ರಿ?" ಎನ್ನುತ್ತಾರೆ ಅವರು. ಚಪ್ಪಲಿಯನ್ನು ಒಯ್ದು ಬಾಗಿಲಲ್ಲಿಟ್ಟರು. ಪೂಜೆಗೆ ಮೊದಲು ಮಷೀನು ಮಡಿಯಾಗಲೆಂದು ಬಿಸಿನೀರು ಬಿಟ್ಟರು.

ತಾರವ್ವ ಒಳಗಿದ್ದಳು.

ಆಕೆ ಗೋಡೆ ಬಡಿದದ್ದು ಪಕ್ಕದ ಮಷೀನುಗಳ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಆಗ ಒಳಗೆ ಬಂದ ಭೀಮಸಿ ಬಾಗಿಲಲ್ಲಿ ಚಪ್ಪಲಿ ಕಂಡರು. "ನೆಲದ ಮ್ಯಾಲ ಕಾಲು ಸುಡೂ ಕಾಸ್ಟಿಕ್ ಚೆಲ್ಲಿರತೈತ್ರಿ, ಬರಿಗಾಲಾಗ ಯಾರೂ ಅಡ್ಡಾಡೂದಿಲ್ಲ. ಚಪ್ಪಲಿ ಐತಿ, ಇಕಿ ಇಲ್ಲ. ಅಂದ್ರ ಹಂಡ್ಯಾಗ ಅದಾಳ." ಓಡಿ ನೀರು ನಿಲ್ಲಿಸಿದರು.

ಇವತ್ತಿನ ಕೆಲಸ ಮುಗಿಸಿ ಹೊರಬಂದ ತಾರವ್ವ ಸೀರೆಯ ನಿರಿಗೆ ತುಸು ಎತ್ತಿ ತೋರಿಸುತ್ತಾಳೆ. ಹಿಮ್ಮಡಿಯಿಂದ ಮೀನಖಂಡದವರೆಗೆ ಚರ್ಮ ಮುದುಡಿದ ಕಾಗದದಂತಿದೆ. ನಾನು ಸುಧೀರರತ್ತ ನೋಡುತ್ತೇನೆ. ಆಕೆಯೇ ಸಮಾಧಾನ ಹೇಳುತ್ತಾಳೆ. "ಸಾಹೇಬ್ರಿಗ್ಯಾಕ ಬೈಯೂದ್ರಿ, ಆಯಿ? ದೇವ್ರ ಮ್ಯಾಲಿನ ಚಪ್ಪಲಿ ನಾನರ ಬಿಡ್ತಿದ್ನೇನು? ಬೋರ್ಡಿಗೊಂದು ಕೀಲಿ ಬೇಕ್ರಿ, ಕೀಲಿಕೈ ನನ್ನ ಕೊರಳಾಗ ಇರಬೇಕು. ಮಾಲಕ್ರು ತರಸ್ತೀವಿ ಅಂದಾರ. ಅಲ್ಲೀತನಕ ಈ ಚಪ್ಪಲೀನ ನನ್ನ ಕೀಲಿ."

ಆ ಬೀಗ ಇನ್ನೂ ಬಂದಿಲ್ಲ. ಇವತ್ತೂ ಅಮಾವಾಸ್ಯೆ. ಆರತಿ ತಟ್ಟೆ ಹಿಡಿದ ಸುಧೀರ ಆಗಿನಿಂದಲೂ ದೂರ ನಿಂತಿದ್ದಾರೆ, ಕರ್ಪೂರ ಹಚ್ಚಿಲ್ಲ. "ತಾರಾಬಾಯಿ, ಚಪ್ಪಲಿ ಮೆಟ್ಟರಿ. ಪೂಜಾ ನಿಂತೈತಿ."

"ತಡೀರಿ ಸಾಹೇಬ್ರ." ಫೋಟೋ ತೆಗೆಯಲು ಮೊಬೈಲು ಎತ್ತಿದ ನನ್ನ ಕೈ ಹಿಡಿದು ಬೋರ್ಡಿನ ಕಡೆ ತಿರುಗಿಸುತ್ತಾಳೆ. "ನನ್ನ ಮಾರಿ ಬ್ಯಾಡ್ರಿ ಆಯಿ, ಚಪ್ಪಲೀದು ತಗೀರಿ. ಅವು ತೂಗಾಡಾಕತ್ತಿದ್ರ ಒಳಗೊಂದು ಜೀವ ಐತಿ ಅಂತ ಬ್ಯಾರೆ ಕಾರ್ಖಾನ್ಯಾಗಿನವ್ರಿಗೂ ತಿಳೀಲಿ."