ಗೊತ್ತಿದ್ದವರು ಹೇಳಬೇಕು

ನನ್ನ ಅಕ್ಕನನ್ನು ನೀವು ನೋಡಿರಲಾರಿರಿ. ಇಪ್ಪತ್ತೆರಡು ವರ್ಷದಿಂದ ಅವಳು ಒಂದೇ ನಾಟಕ ಕಂಪನಿಯಲ್ಲಿದ್ದಾಳೆ, ವಾರದ ನಾಲ್ಕು ಆಟಗಳಲ್ಲಿ ಒಂದನ್ನೂ ತಪ್ಪಿಸಿದವಳಲ್ಲ, ಆದರೂ ನೋಡಿರಲಾರಿರಿ. ರಂಗದ ಎಡಗಡೆಯ ವಿಂಗಿನಲ್ಲಿ, ಜನರಿಗೆ ಕಾಣದ ಪರದೆಯ ಮರೆಯಲ್ಲಿ, ಒಂದು ಕಾಲು ಕುಂಟುವ ಸ್ಟೂಲಿದೆ. ಅದರ ಮೇಲೆ ಪುಸ್ತಕ ಹಿಡಿದು ಕೂತಿರುವವಳು ನನ್ನ ಅಕ್ಕ. ನಟರು ಮಾತು ಮರೆತರೆ ಪಿಸುದನಿಯಲ್ಲಿ ಎತ್ತಿಕೊಡುವುದು ಅವಳ ಕೆಲಸ. ಪ್ರಾಂಪ್ಟರ್ ಅನ್ನುತ್ತಾರೆ. ಪುಸ್ತಕ ಬರೀ ನೆಪಕ್ಕೆ. ಕಂಪನಿಯ ಹದಿನಾರು ನಾಟಕಗಳ ಎಲ್ಲ ಪಾತ್ರಗಳ ಮಾತೂ ಅವಳಿಗೆ ಬಾಯಿಪಾಠ.

ಇದಕ್ಕೆಲ್ಲ ಅವಳು ಓದಿದ ಶಾಲೆಯೇ ಕಾರಣ ಎಂದು ಬಹಳ ವರ್ಷ ಬೈದುಕೊಂಡು ತಿರುಗಿದವಳು ನಾನು. ಈಗ ಅಷ್ಟು ಜೋರಾಗಿ ಬೈಯಲು ಬಾಯಿ ಬರುವುದಿಲ್ಲ.

ಅಕ್ಕನನ್ನು ಮೊದಲು ಎಲ್ಲರ ಮಕ್ಕಳಂತೆ ಮಾಮೂಲಿ ಶಾಲೆಗೇ ಹಾಕಿದ್ದರು. ಮಿಕ್ಕ ಮಕ್ಕಳ ಜೊತೆ ಗಟ್ಟಿಯಾಗಿ ಪದ್ಯ ಹೇಳುತ್ತಿದ್ದವಳು, ಒಬ್ಬಳನ್ನೇ ಎಬ್ಬಿಸಿ ನಿಲ್ಲಿಸಿದರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಟೀಚರುಗಳು ಮೂರು ವರ್ಷ ಸ್ಕೇಲಿನಿಂದ ಆ ಬೀಗ ತೆಗೆಯಲು ನೋಡಿದರು. ಒಂದು ದಿನ ಅವಳ ಬೆರಳುಗಳು ಊದಿದ್ದು ನೋಡಿ ಅಮ್ಮ ರೋಸಿಹೋದಳು. ಊರಾಚೆ ಹಳೆಯ ಹತ್ತಿ ಗೋದಾಮಿನಲ್ಲಿ ಹೊಸದೊಂದು ಶಾಲೆ ಶುರುವಾಗಿತ್ತು. ನಮ್ಮಿಬ್ಬರನ್ನೂ ಅಲ್ಲಿಗೆ ಸೇರಿಸಿಬಿಟ್ಟಳು. ಅಲ್ಲಿ ಪರೀಕ್ಷೆ ಇರಲಿಲ್ಲ, ಬೆಂಚು ಇರಲಿಲ್ಲ, ಗಂಟೆಯೂ ಇರಲಿಲ್ಲ. ಅಪ್ಪ ಗಡಿಯಾರ ರಿಪೇರಿ ಮಾಡುವವರು.

"ಊರಿಗೆಲ್ಲ ಟೈಮ್ ಸರಿ ಮಾಡಿಕೊಡೋನು ನಾನು. ನನ್ನ ಮಕ್ಕಳು ಗಂಟೆ ಇಲ್ಲದ ಶಾಲೇಲಿ ಓದ್ಬೇಕಾ?" ಎಂದು ಗೊಣಗಿದರು. ಅಮ್ಮನ ಮುಂದೆ ಅವರ ಬೇಳೆ ಬೇಯಲಿಲ್ಲ.

ಆ ಶಾಲೆಯಲ್ಲಿ ಬೆಳಿಗ್ಗೆ ಜೇಡಿಮಣ್ಣು, ಆಮೇಲೆ ಹಾಡು, ಕುಣಿತ. ಮಗ್ಗಿಯನ್ನು ಕೂಡ ಹೆಜ್ಜೆ ಹಾಕುತ್ತಲೇ ಕಲಿಯಬೇಕು. ಮಧ್ಯಾಹ್ನ ಪೂರ್ತಿ ನಾಟಕ. ಎಲ್ಲವನ್ನೂ ನಡೆಸುತ್ತಿದ್ದವರು ಒಬ್ಬ ಗಡ್ಡದ ಮೇಷ್ಟ್ರು. ನಾಟಕದ ವಿಷಯದಲ್ಲಿ ಅವರದು ವಿಚಿತ್ರ ಪದ್ಧತಿ. ಎಲ್ಲ ಮಕ್ಕಳೂ ಎಲ್ಲ ಪಾತ್ರಗಳ ಮಾತನ್ನೂ ಕಲಿಯಬೇಕು. ಪ್ರದರ್ಶನದ ದಿನ ಬೆಳಿಗ್ಗೆ ಬಿಸ್ಕತ್ತಿನ ಡಬ್ಬಿಯಿಂದ ಚೀಟಿ ಎತ್ತಬೇಕು. ಯಾವ ಚೀಟಿ ಬಂತೋ ಆ ಪಾತ್ರ. ಯಾರಾದರೂ ಮಾತು ಮರೆತರೆ, ಗೊತ್ತಿದ್ದವರು ಹೇಳಿಬಿಡಬೇಕು. ಹೇಳುವವರು ರಾಜನಾಗಿರಲಿ, ಕಲ್ಲಾಗಿರಲಿ, ಕೆಳಗೆ ಕೂತು ನೋಡುತ್ತಿರುವ ಹುಡುಗಿಯಾಗಿರಲಿ, ಪರವಾಗಿಲ್ಲ.

"ನಾಟಕ ಯಾರಪ್ಪನ ಮನೆ ಆಸ್ತೀನೂ ಅಲ್ಲ" ಎಂದು ಮೇಷ್ಟ್ರು ಗಡ್ಡ ನೀವಿಕೊಳ್ಳುತ್ತಿದ್ದರು.

ನನಗೆ ಎಂಟು ವರ್ಷವಾಗಿದ್ದಾಗ ದೂತನ ಚೀಟಿ ಬಂತು. ಅಕ್ಕನಿಗೆ ಮರದ ಚೀಟಿ. ಅಪ್ಪ ಅಮ್ಮಂದಿರೆಲ್ಲ ಬಂದು ಗೋದಾಮು ಕಿಕ್ಕಿರಿದಿತ್ತು. ನಾನು ಓಡಿಬಂದು "ಮಹಾಪ್ರಭು" ಅಂದೆ. ಮುಂದಿನದು ತಲೆಯಿಂದ ಪೂರಾ ಅಳಿಸಿಹೋಯಿತು. ಆಗ ಹಿಂದೆ ನಿಂತಿದ್ದ ಮರ, ರಟ್ಟಿನ ಎಲೆಗಳನ್ನು ಅಲ್ಲಾಡಿಸದೆ, ಸ್ಪಷ್ಟವಾಗಿ ಹೇಳಿತು: "ವೈರಿಗಳು ಹೊಳೆ ದಾಟಿದ್ದಾರೆ!" ಒಬ್ಬರೂ ನಗಲಿಲ್ಲ. ರಾಜ ಮರದ ಕಡೆ ತಿರುಗಿ, "ಎಷ್ಟು ಜನ?" ಎಂದು ಕೇಳಿದ. ಮುಂದಿನ ಮಾತು ನನಗೆ ನೆನಪಾಯಿತು. ಹಿಂದಿನ ಸಾಲಿನಲ್ಲಿ ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ದೊಡ್ಡ ಮಗಳು ನಾಲ್ಕು ಜನರ ಮುಂದೆ ಒಬ್ಬಳೇ ಮಾತಾಡಿದ್ದನ್ನು ಅವಳು ಕೇಳಿದ್ದು ಅದೇ ಮೊದಲು.

ನನ್ನ ಪಾಲಿನ ಶಾಲೆ ಮರುವರ್ಷವೇ ಮುಗಿಯಿತು. ಅಪ್ಪನ ಅಂಗಡಿಯಲ್ಲಿ ಗಿರಾಕಿಯೊಬ್ಬರು ಗಂಟೆ ಎಷ್ಟಮ್ಮ ಎಂದು ಕೇಳಿದಾಗ, ಗೋಡೆಯ ಮೇಲಿನ ಮೂವತ್ತು ಗಡಿಯಾರಗಳನ್ನು ನೋಡಿ ನಾನು "ಗೊತ್ತಿಲ್ಲ" ಅಂದೆ. ಅಪ್ಪನ ಮಾನ ಹೋಯಿತು. ನನ್ನನ್ನು ಬಿಡಿಸಿ ಗಂಟೆ ಹೊಡೆಯುವ ಶಾಲೆಗೆ ಹಾಕಿದರು. ಇಂದು ನಗರಸಭೆಯ ಜನನ-ಮರಣದ ಕೌಂಟರಿನಲ್ಲಿ ಕೂತು "ಮುಂದಿನವರು ಬನ್ನಿ!" ಎಂದು ನಾನು ಕೂಗಿದರೆ ಸಾಲಿನ ಕೊನೆಯವನಿಗೂ ಕೇಳುತ್ತದೆ. ಆ ಗಂಟಲು ಕೂಡ ಗೋದಾಮಿನ ಶಾಲೆಯದೇ.

ಅಕ್ಕ ಹದಿನಾರು ತುಂಬುವವರೆಗೂ ಅಲ್ಲೇ ಇದ್ದಳು. ಹದಿನೆಂಟಕ್ಕೆ ನಾಟಕ ಕಂಪನಿ ಸೇರಿದಳು. ಮೊದಲ ನಾಟಕದಲ್ಲಿ ಕೆಲಸದವಳ ಪಾತ್ರ, ಮೂರು ಮಾತು. ಅವಳೋ ಪದ್ಧತಿಯಂತೆ ಇಡೀ ನಾಟಕವನ್ನೇ ಕಲಿತಿದ್ದಳು. ಎರಡನೇ ಅಂಕದಲ್ಲಿ ನಾಯಕನಟರು ಮಗನ ಸಾವಿನ ಪತ್ರ ಓದಿ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದರು. ಜನ ಟಿಕೆಟ್ ಕೊಳ್ಳುತ್ತಿದ್ದದ್ದೇ ಆ ಮೌನ ನೋಡಲು. ಆದರೆ ತಾಲೀಮಿನಲ್ಲಿ ಅವರು ಅದನ್ನು ಮಾಡುತ್ತಿರಲಿಲ್ಲ. ಹೊಸಬಳಾದ ಅಕ್ಕನಿಗೆ ಯಾರೂ ಹೇಳಿರಲೂ ಇಲ್ಲ. ನಾಯಕನಟರು ನಿಂತರು. ಪಾಪ, ಮರೆತುಬಿಟ್ಟರು ಅಂದುಕೊಂಡ ಅಕ್ಕ, ಕೈಯಲ್ಲಿ ತಟ್ಟೆ ಹಿಡಿದೇ ಗಟ್ಟಿಯಾಗಿ ಹೇಳಿದಳು: "ಅಯ್ಯೋ, ನನ್ನ ಮಗ ಇನ್ನಿಲ್ಲ!"

ಸಭಾಂಗಣ ಬಿದ್ದು ಬಿದ್ದು ನಕ್ಕಿತು.

ಮರುದಿನ ಕಂಪನಿಯ ಯಜಮಾನರು ಕರೆಸಿದರು. "ಇದನ್ನ ಯಾರಮ್ಮ ನಿಂಗೆ ಕಲಿಸಿದ್ದು?"

"ಮರೆತ್ರೆ ಗೊತ್ತಿದ್ದವರು ಹೇಳ್ಬೇಕು ಅಲ್ವಾ ಸಾರ್?"

"ಅಷ್ಟೊಂದು ಹೇಳೋ ಆಸೆ ಇದ್ರೆ ಅಲ್ಲಿ ಕೂತು ಹೇಳು" ಎಂದು ಅವರು ವಿಂಗಿನ ಸ್ಟೂಲು ತೋರಿಸಿದರು.

ಹಾಗೆ ಕೂತವಳು ಕೂತೇಬಿಟ್ಟಳು. ಪೂರ್ತಿ ತನ್ನದೇ ಆದ ಒಂದು ಪಾತ್ರ, ಶುರುವಿನಿಂದ ಕೊನೆಯವರೆಗೆ. ಅವಳಿಗೆ ಬೇಕಿದ್ದದ್ದು ಅಷ್ಟೇ. ಪ್ರತಿ ಹೊಸ ನಾಟಕಕ್ಕೂ "ಈ ಸಲ ಕೇಳಿಯೇ ಕೇಳ್ತೀನಿ ಕಣೇ" ಅನ್ನುವಳು. ಯಜಮಾನರ ಎದುರು ಒಬ್ಬಳೇ ನಿಂತರೆ ಹಳೆಯ ಬೀಗ ಬೀಳುತ್ತಿತ್ತು. ಅಮ್ಮ ಹೋದಳು, ಅಪ್ಪ ಹೋದರು, ಗೋದಾಮು ಕೆಡವಿ ಅಲ್ಲಿ ಟೈಲ್ಸ್ ಅಂಗಡಿ ಬಂತು. ಅಕ್ಕ ಕೇಳಲೇ ಇಲ್ಲ.

ಕಳೆದ ವರ್ಷ ಒಂದು ಶುಕ್ರವಾರ ಕಂಪನಿಯ ನಾಯಕಿ ಮೆಟ್ಟಿಲಿನಿಂದ ಜಾರಿ ಕಾಲು ಮುರಿದುಕೊಂಡರು. ಭಾನುವಾರ ಮಧ್ಯಾಹ್ನದ ಆಟಕ್ಕೆ ಟಿಕೆಟ್ಟೆಲ್ಲ ಖರ್ಚಾಗಿತ್ತು. ತಾಯಿಯ ದೊಡ್ಡ ಪಾತ್ರ, ಎರಡು ದಿನದಲ್ಲಿ ಯಾರು ಕಲಿಯುತ್ತಾರೆ? ಯಜಮಾನರ ಕಣ್ಣು ಸ್ಟೂಲಿನ ಮೇಲೆ ಬಿತ್ತು. "ಈ ಆಟ ದಾಟಿಸಿಬಿಡಮ್ಮ, ಇನ್ಮೇಲೆ ಆ ಪಾತ್ರ ನಿಂದೇ" ಅಂದರು.

ಶನಿವಾರವಿಡೀ ನಮ್ಮ ಅಡುಗೆಮನೆಯಲ್ಲಿ ತಾಲೀಮು ನಡೆಯಿತು. ಪುಸ್ತಕ ಹಿಡಿದು ಮಿಕ್ಕ ಪಾತ್ರಗಳನ್ನೆಲ್ಲ ನಾನು ಓದಿದೆ, ತಾಯಿ ಮಾತ್ರ ಅಕ್ಕ. ಒಂದು ಅಕ್ಷರ ತಪ್ಪಲಿಲ್ಲ. ಕೊನೆಯ ಅಂಕದಲ್ಲಿ ಮಕ್ಕಳೆಲ್ಲ ಮನೆ ಬಿಟ್ಟು ಹೊರಟುಹೋದ ಮೇಲೆ ತಾಯಿ ಒಬ್ಬಳೇ ಉಳಿದು ಹೇಳುವ ಮಾತು ಕೇಳಿ ನನ್ನ ಕಣ್ಣು ಒದ್ದೆಯಾಯಿತು: "ಹೋಗುವವರು ಹೋಗಲಿ, ನಾನು ಇಲ್ಲೇ ನಿಂತಿದ್ದೇನೆ."

ಭಾನುವಾರ ನಾನು ನಾಲ್ಕನೇ ಸಾಲಿನಲ್ಲಿ ಕೂತಿದ್ದೆ. ಅಕ್ಕ ಎಷ್ಟು ಚೆನ್ನಾಗಿ ಮಾಡಿದಳೆಂದರೆ, ಪಕ್ಕದಲ್ಲಿದ್ದ ಕೋಟಿನ ಮನುಷ್ಯ ಹೆಂಡತಿಯನ್ನು "ಯಾರು ಈಕೆ?" ಎಂದು ಎರಡು ಸಲ ಕೇಳಿದ. ನನ್ನ ಅಕ್ಕ ಎಂದು ಹೇಳಬೇಕೆನಿಸಿತು. ಆಟ ಮುಗಿಯಲಿ ಎಂದು ಸುಮ್ಮನಿದ್ದೆ.

ಕೊನೆಯ ಅಂಕ ಬಂತು. ಮಕ್ಕಳು ಒಬ್ಬೊಬ್ಬರಾಗಿ ಹೊರಟುಹೋದರು. ರಂಗದ ಮೇಲೆ ಅಕ್ಕ ಒಬ್ಬಳೇ. ಅವಳು ಬಾಯಿ ತೆರೆದಳು, ಮುಚ್ಚಿದಳು. ಎಡಗಡೆಯ ವಿಂಗಿನ ಕಡೆ ತಿರುಗಿದಳು. ಸ್ಟೂಲು ಖಾಲಿ. ಆ ಗಡಿಬಿಡಿಯಲ್ಲಿ ಪ್ರಾಂಪ್ಟ್ ಮಾಡುವವರು ಯಾರು ಎಂದು ಯಜಮಾನರಿಗೂ ಹೊಳೆದಿರಲಿಲ್ಲ, ಅಕ್ಕನಿಗೂ ಹೊಳೆದಿರಲಿಲ್ಲ. ವಿಂಗಿನಲ್ಲಿದ್ದ ನಟರು, ಅಕ್ಕ ಬೇಕೆಂದೇ ಮೌನ ಹಿಡಿದಿದ್ದಾಳೆ ಅಂದುಕೊಂಡು ಕಾದರು. ಮೌನವನ್ನು ಮುರಿಯಬಾರದು ಎಂಬುದನ್ನು ಆ ಕಂಪನಿಯಲ್ಲಿ ಎಲ್ಲರೂ ಕಲಿತದ್ದು ಅಕ್ಕನ ಕಥೆಯಿಂದಲೇ.

ನನಗೆ ಮಾತ್ರ ಗೊತ್ತಾಯಿತು. ಸ್ಕೇಲಿನ ಏಟು ಬೀಳುವ ಮುಂಚೆ ಮಾಡುತ್ತಿದ್ದಂತೆ ಅವಳು ಬೆರಳುಗಳನ್ನು ಮುಷ್ಟಿಯೊಳಗೆ ಅಡಗಿಸಿಕೊಂಡಿದ್ದಳು. ಆಮೇಲೆ ನಿಧಾನವಾಗಿ ಪ್ರೇಕ್ಷಕರ ಕಡೆ, ಕತ್ತಲಲ್ಲಿದ್ದ ನಮ್ಮೆಲ್ಲರ ಕಡೆ ನೋಡಿದಳು. ಐದು ಪದ. ನನ್ನ ನಾಲಿಗೆಯ ತುದಿಯಲ್ಲಿದ್ದವು. ಎದ್ದು ನಿಂತು ಹೇಳಬಹುದಿತ್ತು. ಕೋಟಿನ ಮನುಷ್ಯ ಏನಂದುಕೊಳ್ಳುತ್ತಾನೋ, ಜನ ನಗುತ್ತಾರೇನೋ ಅನ್ನಿಸಿತು. ಬ್ಯಾಗನ್ನು ಅವುಚಿಕೊಂಡು ಕೂತುಬಿಟ್ಟೆ. ಯಾರೋ ಕೆಮ್ಮಿದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಪರದೆ ಇಳಿಯಿತು.

ನಾನು ಬಣ್ಣದ ಕೋಣೆಗೆ ಹೋದಾಗ ಅಕ್ಕ ಹತ್ತಿಯಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಅಳುತ್ತಿರಲಿಲ್ಲ.

"ಎಷ್ಟನೇ ಸಾಲಲ್ಲಿ ಕೂತಿದ್ದೆ?"

"ನಾಲ್ಕನೇದು."

"ಆ ಮಾತು ನಿನಗೆ ಜ್ಞಾಪಕ ಇತ್ತೇನೇ?"

"ಇಲ್ಲಕ್ಕ" ಅಂದೆ. "ಆ ಗಾಬರೀಲಿ ನಂಗೂ ಮರೆತೇ ಹೋಯ್ತು."

ಅವಳ ಮುಖ ಎಷ್ಟೋ ಹಗುರವಾಯಿತು. ನನ್ನ ಕೈ ಹಿಡಿದು ತಟ್ಟಿದಳು.

"ಅದೇ ಅಂದುಕೊಂಡೆ. ಗೊತ್ತಿದ್ದಿದ್ರೆ ನೀನು ಹೇಳದೆ ಇರ್ತಿದ್ಯಾ?"