ಹನ್ನೊಂದು ನಲ್ಲಿ ಮುಚ್ಚಿದ ಬೆಳಗು

ಮನುಷ್ಯ ಮೊದಲು ನದಿಯನ್ನು ಹುಡುಕಿಕೊಂಡ, ಆಮೇಲೆ ಅದರ ದಡದಲ್ಲಿ ಊರು ಕಟ್ಟಿದ ಎಂದು ನಾಗರಿಕತೆಯ ಚರಿತ್ರೆ ಗಂಭೀರವಾಗಿ ಹೇಳುತ್ತದೆ. ಜೆ.ಪಿ. ನಗರದಲ್ಲಿ ನಾವು ಮೊದಲು ಊರು ಕಟ್ಟಿಕೊಂಡು, ಆಮೇಲೆ ನದಿಗೆ ಅರ್ಜಿ ಹಾಕಿದೆವು.

ಅರ್ಜಿ ಮಂಜೂರಾಗಿ ಎಷ್ಟೋ ವರ್ಷಗಳಾದವು. ಇವತ್ತಿಗೂ ನಮ್ಮ ಬೀದಿಗೆ ಕಾವೇರಿ ಬರುವುದು ದಿನ ಬಿಟ್ಟು ದಿನ, ಬೆಳಗಿನ ಐದೂವರೆಗೆ. ಅವಳು ಹೊರಟುಹೋಗುವುದರೊಳಗೆ ಸಂಪು ತುಂಬಬೇಕು, ಸಂಪಿನಿಂದ ಮೇಲಿನ ಟ್ಯಾಂಕು ತುಂಬಬೇಕು, ಹಿತ್ತಲಿನ ನೀಲಿ ಡ್ರಮ್ಮು ತುಂಬಬೇಕು. ಯಾರ ಮನೆಯ ಟ್ಯಾಂಕಾದರೂ ತುಂಬಿ ಹರಿದರೆ ಎದುರುಮನೆಯಿಂದಲೂ ಸೊಪ್ಪಿನ ಗಾಡಿಯಿಂದಲೂ ಒಟ್ಟಿಗೆ ಕೂಗು ಏಳುತ್ತದೆ: "ಆಂಟೀ, ಟ್ಯಾಂಕ್ ತುಂಬೋಯ್ತು, ಮೋಟ್ರು ಆಫ್ ಮಾಡಿ!" ಮಾತು ಬಿಟ್ಟ ಮನೆಗಳವರು ಕೂಡ ಪರಸ್ಪರ ಈ ಒಂದು ವಾಕ್ಯವನ್ನು ಆಡುತ್ತಾರೆ.

ಇಂಥಲ್ಲಿ ಬಾಳಿದವನಿಗೆ ತೆರೆದ ನಲ್ಲಿ ಕಂಡರೆ ಕೈ ತಾನಾಗಿ ಮುಂದೆ ಹೋಗುತ್ತದೆ. ಒಮ್ಮೆ ಜಯನಗರದಲ್ಲಿ ಗುರುತಿಲ್ಲದವರ ಕಾಂಪೌಂಡಿನೊಳಕ್ಕೆ ಹೋಗಿ, ಗಿಡಗಳಿಗೆ ಬಿಟ್ಟಿದ್ದ ನೀರನ್ನು ನಿಲ್ಲಿಸಿ ಬಂದಿದ್ದೇನೆ. ಅವರ ನಾಯಿ ಸುಮ್ಮನಿತ್ತು. ಅವರು ಸುಮ್ಮನಿರಲಿಲ್ಲ.

ತರ್ಕಶಾಸ್ತ್ರದ ಮೇಷ್ಟರಾಗಿ ನಿವೃತ್ತನಾದ ನನ್ನನ್ನು ನೇಪಾಳದ ಬೆಟ್ಟದೂರಿಗೆ ಕುಡಿಯುವ ನೀರಿನ ಸ್ವಯಂಸೇವೆಗೆ ಎಳೆದೊಯ್ದವನು ಚಿಕ್ಕಲಸಂದ್ರದ ನನ್ನ ಗೆಳೆಯ. ಅವನು ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿದವನು, ನೀರು ಪರೀಕ್ಷೆ ಮಾಡಬಲ್ಲವನು. ನಾನು ಏನು ಮಾಡಬಲ್ಲೆ ಎಂದು ಅರ್ಜಿಯಲ್ಲಿ ಕೇಳಿದ್ದರು. "ಮೇಲ್ವಿಚಾರಣೆ" ಎಂದು ಬರೆದೆ.

ಸುದ್ದಿ ಕೇಳಿ ಹೆಂಡತಿ ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಿದಳು.

"ರೀ, ಸಂಪು ತೊಳೆಸಿ ಅಂತ ಯುಗಾದಿಯಿಂದ ಬಡ್ಕೋತಿದೀನಿ. ಅದು ಬಿಟ್ಟು ನೇಪಾಳಕ್ಕೆ ನೀರು ಕೊಡೋಕೆ ಹೊರಟ್ರಾ?"

"ಸೇವೆ ಕಣೇ."

"ಸೇವೆ ಮನೆಯಿಂದ್ಲೇ ಶುರು ಮಾಡಿ. ಸಂಪಿನ ಮುಚ್ಚಳ ಅಲ್ಲೇ ಇದೆ."

ಆದರೂ ಹೋದೆ. ಆ ಊರಿಗೆ ಬಸ್ಸು ಇರಲಿಲ್ಲ. ಕೊನೆಯ ಅರ್ಧ ದಿನ ಕಾಲ್ನಡಿಗೆ. ಬೆಟ್ಟದ ನೆತ್ತಿಯ ಹತ್ತಿರ ನೆಲದಿಂದ ನೀರು ಉಕ್ಕುವ ಒಂದು ಊಟೆ, ಅದರ ಬಾಯಿಗೆ ಕಲ್ಲು–ಸಿಮೆಂಟಿನ ಪುಟ್ಟ ತೊಟ್ಟಿ, ಅಲ್ಲಿಂದ ಕಪ್ಪು ಪೈಪು ಇಳಿಜಾರಿನಲ್ಲಿ ಮನೆಯಿಂದ ಮನೆಗೆ ಇಳಿದು ಬರುತ್ತಿತ್ತು. ಮೋಟರಿಲ್ಲ, ಕರೆಂಟಿಲ್ಲ. ನಾವು ಹೋಗುವ ಹೊತ್ತಿಗೆ ಹನ್ನೊಂದು ನಲ್ಲಿಗಳಲ್ಲಿ ನೀರು ಬರುತ್ತಿತ್ತು. ಊರಿನ ಕೆಳತುದಿಯಲ್ಲಿದ್ದ ಹನ್ನೆರಡನೆಯದಕ್ಕೆ ಪೈಪು ಬಂದಿತ್ತು, ತುದಿಗೆ ಬಿರಡೆ ಹಾಕಿತ್ತು, ನಲ್ಲಿ ಕೂರಿಸುವುದು ಬಾಕಿ.

ಹನ್ನೆರಡನೆಯದು ನಾವು ಇಳಿದುಕೊಂಡಿದ್ದ ಮನೆಯ ಅಂಗಳದ್ದು. ಯಜಮಾನಿಯನ್ನು ಎಲ್ಲರಂತೆ ನಾವೂ ದೀದಿ ಎಂದೆವು. ಅವರು ನನ್ನನ್ನು ದಾಜು, ಅಂದರೆ ಅಣ್ಣ, ಎಂದರು. ಮದುವೆಯಾಗಿ ಬಂದ ದಿನದಿಂದ ಕೆಳಗಿನ ತೊರೆಯ ನೀರಿನ ಕೊಡವನ್ನು ಬುಟ್ಟಿಯಲ್ಲಿಟ್ಟು, ಬುಟ್ಟಿಯ ಪಟ್ಟಿಯನ್ನು ಹಣೆಗೆ ಕೊಟ್ಟು ಹೊತ್ತು ತಂದವರು. ಮುಂದಿನ ಗುರುವಾರ ಅವರ ಮಗಳ ಮದುವೆ. ಗಂಡಿನ ಕಡೆಯವರ ಊರಿಗೆ ಆಗಲೇ ನಲ್ಲಿ ಬಂದಿತ್ತು. ನಿಶ್ಚಿತಾರ್ಥದ ದಿನ ಆ ಬೀಗಿತ್ತಿ ತೊರೆಯ ನೀರಿನ ಲೋಟವನ್ನು ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟರಂತೆ.

"ದಾಜು, ಗುರುವಾರ ಆಕೆ ಬಂದಾಗ ಈ ಅಂಗಳದಲ್ಲಿ ನೀರು ಬರ್ತಿರಬೇಕು. ಬೇರೇನೂ ಬೇಡ," ಎಂದರು ದೀದಿ, ಅಲ್ಲಿ ಎಲ್ಲರೂ ಆಡುವ ಹಿಂದಿ–ನೇಪಾಳಿಯಲ್ಲಿ. ಬರುತ್ತದೆ ಎಂದು ನಾನು ಮಾತು ಕೊಟ್ಟೆ. ಮಾತು ಕೊಡುವುದು ಮೇಲ್ವಿಚಾರಣೆಯ ಒಂದು ಅಂಗ.

ಭಾನುವಾರ ಬೆಳಿಗ್ಗೆ ವಾಕಿಂಗಿಗೆಂದು ಬಳಸುದಾರಿಯಲ್ಲಿ ಬೆಟ್ಟ ಹತ್ತಿ, ಮನೆಗಳ ನಡುವೆ ಇಳಿಯತೊಡಗಿದೆ. ಮೇಲಿನ ಮೊದಲ ನಲ್ಲಿ ತೆರೆದೇ ಇತ್ತು, ಯಾರೂ ಹಿಡಿಯುತ್ತಿರಲಿಲ್ಲ. ಸುಮ್ಮನೆ ಸುರಿದು, ಕಾಲುವೆ ಹಿಡಿದು, ಮೂಲಂಗಿ ಪಾತಿಯ ಕಡೆ ಹೋಗುತ್ತಿತ್ತು. ಕೈ ತಾನಾಗಿ ಮುಂದೆ ಹೋಯಿತು. ಮುಚ್ಚಿದೆ. ಎರಡನೆಯದೂ ತೆರೆದಿತ್ತು. ಮೂರನೆಯದರ ಪಕ್ಕದಲ್ಲಿ ಒಬ್ಬ ಅಜ್ಜ ಬಿಸಿಲು ಕಾಯಿಸಿಕೊಳ್ಳುತ್ತ ನೀರು ಹರಿಯುವುದನ್ನೇ ನೋಡುತ್ತಿದ್ದ. ಇಂಥ ಉದಾಸೀನವನ್ನು ನಾನು ಜೀವಮಾನದಲ್ಲಿ ಕಂಡಿರಲಿಲ್ಲ. ಅವನಿಗೆ ಕೈಮುಗಿದು ಅದನ್ನೂ ಮುಚ್ಚಿದೆ. ಅವನೂ ಕೈಮುಗಿದ. ಹೀಗೆ ಇಳಿಯುತ್ತ ಇಳಿಯುತ್ತ ಹನ್ನೊಂದನ್ನೂ ಮುಚ್ಚಿ, ಒಂದು ಇಡೀ ಊರಿಗೆ ಶಿಸ್ತು ಕಲಿಸಿದ ಧನ್ಯತೆಯಿಂದ ದೀದಿಯ ಅಂಗಳಕ್ಕೆ ಬಂದು ಟೀ ಲೋಟ ಕೈಗೆ ತೆಗೆದುಕೊಂಡೆ.

ಅರ್ಧ ಲೋಟ ಮುಗಿದಿರಬಹುದು. ಮನೆಯ ಮೇಲಿನ ಕೊರಕಲಿನಲ್ಲಿ ಢಬ್ ಎಂದಿತು. ನೋಡಿದರೆ ತೆಂಗಿನ ಮರದೆತ್ತರ ನೀರು ಆಕಾಶಕ್ಕೆ ಚಿಮ್ಮುತ್ತಿದೆ. ಮೇಕೆಗಳು ಓಡಿದವು. ಅವುಗಳ ಹಿಂದೆ ನನ್ನ ಗೆಳೆಯ ಓಡಿದ.

ಪೈಪಿನ ಮೇಸ್ತ್ರಿ, ಕುಳ್ಳಗೆ, ಉಣ್ಣೆ ಟೋಪಿ ಹಾಕಿದ ಗೃಹಸ್ಥ, ಬೆಟ್ಟ ಹತ್ತಿ ಇಳಿದು ಬಂದು, ಸೇರಿದ್ದ ಜನರೆದುರು ಕೇಳಿದ: "ನಲ್ಲಿಗಳನ್ನೆಲ್ಲ ಮುಚ್ಚಿದವರು ಯಾರು?"

ಆಮೇಲೆ ಅವನೇ ವಿವರಿಸಿದ. ಈ ನೀರು ಹಗಲೂ ರಾತ್ರಿ ಹರಿಯುತ್ತಲೇ ಇರಬೇಕು. ಹೆಚ್ಚಾದದ್ದು ಪಾತಿಗೆ ಹೋಗುತ್ತದೆ, ಪಾತಿ ಮಾಡಿರುವುದೇ ಅದಕ್ಕೆ. ಎಲ್ಲವನ್ನೂ ಒಟ್ಟಿಗೆ ಮುಚ್ಚಿದರೆ ಇಡೀ ಬೆಟ್ಟದ ನೀರಿನ ಭಾರ ತಳದ ಪೈಪಿನ ಮೇಲೆ ಕೂರುತ್ತದೆ. ಇದನ್ನು ನಮಗೆ ಮೊದಲೇ ಯಾಕೆ ಹೇಳಲಿಲ್ಲವೆಂದರೆ, ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು ಊರಿನ ನಲ್ಲಿಗಳನ್ನೆಲ್ಲ ಮುಚ್ಚಿಕೊಂಡು ಬರಬಹುದೆಂದು ಅಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಮೇಲುಕೇರಿಯವರ ಕಿತಾಪತಿ ಎಂದು ಕೆಳಕೇರಿಯವರು ಗೊಣಗತೊಡಗಿದರು. ಮೇಲುಕೇರಿಯವರು ತೋಳೇರಿಸಿದರು. ಬಿಸಿಲು ಕಾಯಿಸುತ್ತಿದ್ದ ಅಜ್ಜ ಮಾತ್ರ ನನ್ನನ್ನೇ ನೋಡುತ್ತಿದ್ದ, ಆದರೆ ಕೈಮುಗಿದವನ ಹೆಸರು ಹೇಳುವುದು ಸರಿಯಲ್ಲವೆಂದು ಬಾಯಿ ಬಿಡಲಿಲ್ಲ. ದೀದಿ ಖಾಲಿ ಪೈಪಿನ ತುದಿಯ ಹತ್ತಿರ ಹೋಗಿ ಕೂತರು. ಅದನ್ನು ನೋಡಲಾಗಲಿಲ್ಲ.

"ನಾನೇ ಮುಚ್ಚಿದ್ದು," ಎಂದೆ.

"ಯಾಕೆ ದಾಜು?" ಎಂದರು ದೀದಿ.

"ನೀರು ಹರಿದು ಹೋಗ್ತಿತ್ತು."

"ನೀರು ಹರಿಯದೆ ಇನ್ನೇನು ಮಾಡುತ್ತೆ ದಾಜು?"

ತರ್ಕಶಾಸ್ತ್ರ ಕಲಿಸಿದ ನಾನು ತಣ್ಣಗಾದ ಟೀ ಲೋಟವನ್ನು ಕೆಳಗಿಟ್ಟೆ. ಮೊದಲು ನಕ್ಕವನು ಅಜ್ಜ. ಆಮೇಲೆ ಎರಡೂ ಕೇರಿಯವರು ನಕ್ಕರು. ಗೆಳೆಯ ನನ್ನ ಕಿವಿಯ ಹತ್ತಿರ ಬಂದು, "ಸಖತ್ ಗುರು! ಇಲ್ಲೂ ದಿನ ಬಿಟ್ಟು ದಿನ ನೀರು ಮಾಡಿಬಿಟ್ಯಲ್ಲ," ಎಂದ.

ಒಡೆದ ಪೈಪಿಗೆ ಬದಲಿ ಬೇಕಿತ್ತು. ಸಿಗುವುದು ಬೆಟ್ಟದ ಕೆಳಗಿನ ಪೇಟೆಯಲ್ಲಿ. ಸೋಮವಾರ ಎಂಟು ಜನ ಇಳಿದೆವು, ಮಂಗಳವಾರ ಹತ್ತಿದೆವು. ಉದ್ದನೆಯ ಪೈಪನ್ನು ಸಾಲಾಗಿ ಹೆಗಲ ಮೇಲೆ ಹೊತ್ತು, ತಿರುವುಗಳಲ್ಲಿ ಒಂದು ದೊಡ್ಡ ಹೆಬ್ಬಾವಿನಂತೆ ಬಳುಕುತ್ತ. ನಾನು ಐದನೆಯವನು. ನನ್ನ ಹೆಗಲಿಗೂ ಪೈಪಿಗೂ ನಡುವೆ ಆಗಾಗ ಗಾಳಿಯಾಡುತ್ತಿತ್ತು ಎಂದು ಹಿಂದಿದ್ದ ಗೆಳೆಯ ಇಂದಿಗೂ ಪಾರ್ಕಿನಲ್ಲಿ ಎಲ್ಲರಿಗೂ ಹೇಳುತ್ತಾನೆ. ಅದು ಸುಳ್ಳಲ್ಲ.

ಬುಧವಾರ ಮೇಸ್ತ್ರಿ ಸೌದೆ ಬೆಂಕಿಯಲ್ಲಿ ಕಬ್ಬಿಣದ ತಟ್ಟೆ ಕಾಯಿಸಿ, ಪೈಪಿನ ಎರಡು ತುದಿಗಳನ್ನು ಅದಕ್ಕೆ ಒತ್ತಿ, ಮೆತ್ತಗಾದ ಕೂಡಲೇ ಒಂದಕ್ಕೊಂದು ಕೂಡಿಸಿದ. ಗೆಳೆಯ ಗಡಿಯಾರ ನೋಡಿ ಹೊತ್ತು ಎಣಿಸಿದ. ನಾನು ಯಾವುದನ್ನೂ ಮುಟ್ಟಕೂಡದೆಂದು ತೀರ್ಮಾನವಾಗಿತ್ತು. ಸಂಜೆ ನಾಲ್ಕರ ಹೊತ್ತಿಗೆ ಹನ್ನೆರಡನೆಯ ನಲ್ಲಿ ಎರಡು ಸಲ ಕೆಮ್ಮಿ, ಮೊದಲು ಕೆಸರನ್ನೂ ಆಮೇಲೆ ನೀರನ್ನೂ ಕೊಟ್ಟಿತು. ದೀದಿ ಲೋಟ ಹಿಡಿದು, ಬೆಳಕಿಗೆ ಎತ್ತಿ ನೋಡಿ, ಕುಡಿದರು. ಗೆಳೆಯ ಪರೀಕ್ಷೆಯ ಬಾಟಲಿ ಹಿಡಿದು "ದೀದಿ, ಒಂದು ನಿಮಿಷ!" ಎನ್ನುವಷ್ಟರಲ್ಲಿ ಎರಡನೆಯ ಲೋಟವೂ ಮುಗಿದಿತ್ತು. ಪರೀಕ್ಷೆಯಲ್ಲಿ ನೀರು ಚೆನ್ನಾಗಿದೆಯೆಂದೇ ಬಂತು, ಪುಣ್ಯಕ್ಕೆ.

ಗುರುವಾರ ದೀದಿ ನನಗೊಂದು ಕೆಲಸ ಕೊಟ್ಟರು. ಬೀಗರ ಊರಿನಲ್ಲಿ ನೀರು ಹಿಡಿದ ಮೇಲೆ ನಲ್ಲಿ ಮುಚ್ಚಲೇಬೇಕಂತೆ. ಅವರಿಗೆಲ್ಲ ಕೈ ತೊಳೆದು ಮುಚ್ಚಿ ಹೋಗುವ ರೂಢಿ. ಅಂಥವರನ್ನು ತಡೆಯಲು, ಆ ರೋಗ ಬಲ್ಲವನೇ ಬೇಕು. ಹೀಗಾಗಿ ನಾನು ಕೋಟು ಹಾಕಿಕೊಂಡು, ನಲ್ಲಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬೆಳಗಿನಿಂದ ಕೂತೆ. ಕೈ ಮುಂದೆ ಬಂದಾಗಲೆಲ್ಲ, "ಬೇಡಿ, ಹರಿಯಲಿ," ಎಂದೆ. ಬೀಗಿತ್ತಿ ಬಂದರು, ಲೋಟವನ್ನು ಬೆಳಕಿಗೆ ಹಿಡಿದರು, ಕುಡಿದರು, ನಲ್ಲಿಗೆ ಕೈ ಹಾಕಿದರು. "ಬೇಡಿ, ಹರಿಯಲಿ." ಆಕೆ ನನ್ನನ್ನು ದುಂದುಗಾರನೆಂಬಂತೆ ನೋಡಿದರು. ನನ್ನನ್ನು ಹಾಗೆ ನೋಡಿದವರು ಅವರೊಬ್ಬರೇ.

ಆ ಹೊತ್ತಿಗೆ ಸರಿಯಾಗಿ ಮನೆಯಿಂದ ಫೋನು ಬಂತು.

"ಊಟ ಆಯ್ತೇನ್ರೀ? ಅದೇನದು, ಹಿಂದೆ ನೀರು ಸುರಿಯೋ ಶಬ್ದ?"

"ನಲ್ಲಿ."

"ಅಯ್ಯೋ, ಪಕ್ಕದಲ್ಲೇ ಕೂತಿದೀರಾ? ಮೊದ್ಲು ಎದ್ದು ಮುಚ್ರೀ!"

"ಮುಚ್ಚಲ್ಲ ಕಣೇ."

"ಮೈಗೆ ಹುಷಾರಿದೆ ತಾನೇ?" ಎಂದಳು.

ಮದುವೆ ಮಧ್ಯಾಹ್ನ ಎರಡಕ್ಕೆ ಮುಗಿಯಿತು. ಬಂದವರೆಲ್ಲರಿಗೂ ನೀರು ಸಾಕಾಯಿತು. ಹೆಚ್ಚಾದದ್ದು ಮೂಲಂಗಿ ಪಾತಿಗೆ ಹೋಯಿತು.