ನೆರಳಿನ ಬೆನ್ನು ಹತ್ತಿದ ಕುರ್ಚಿಗಳು

ತರಬೇತಿ ಶಿಬಿರಗಳೆಂದರೆ ನನಗೆ ಮೊದಲಿನಿಂದಲೂ ಒಂದು ಚಪಲ. ಕೊರಳಿಗೆ ಹೆಸರಿನ ಪಟ್ಟಿ, ಕೈಗೊಂದು ಚೀಲ, ನಡುವೆ ಚಹಾ ಬಿಸ್ಕತ್ತು, ಕೊನೆಗೆ ಎಲ್ಲರೂ ಹೊಟ್ಟೆ ಒಳಗೆಳೆದುಕೊಂಡು ನಿಲ್ಲುವ ಗುಂಪಿನ ಫೋಟೊ. ನಾನು ಅಫಜಲಪುರದ ಒಬ್ಬ ಸಾಧಾರಣ ಸಿವಿಲ್ ಇಂಜಿನಿಯರ್. ಗೋಡೆ, ಗಟಾರ, ಛಾವಣಿ ಕಟ್ಟಿಕೊಂಡಿದ್ದವನು ಈ ಬೇಸಿಗೆಯಲ್ಲಿ ಉದ್ಯಾನ ಮತ್ತು ಹೊರಾಂಗಣ ವಿನ್ಯಾಸದ ಶಿಬಿರಕ್ಕೆ ಹೋದೆ. ಆಳಂದ ರಸ್ತೆಯಲ್ಲಿ, ಕಡಗಂಚಿ ದಾಟಿದ ಮೇಲೆ ಸಿಗುವ ಒಂದು ಸಭಾಂಗಣದಲ್ಲಿ ಅದು ನಡೆಯಿತು. ಹೊರಾಂಗಣದ ಪಾಠ ಶುರುವಾದದ್ದು ಕಿಟಕಿ ಮುಚ್ಚಿ, ಪರದೆ ಎಳೆದು, ಏಸಿ ಹಾಕಿದ ಮೇಲೆ. ಯಾರಿಗೂ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ, ನನಗೂ ಕಾಣಲಿಲ್ಲ.

ಈ ಸಲ ನಾನು ಬರೀ ಬಿಸ್ಕತ್ತಿಗಾಗಿ ಹೋಗಿರಲಿಲ್ಲ. ನಮ್ಮೂರಿನಲ್ಲಿ ಒಂದು ಪುಟ್ಟ ಬಗೀಚಾ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಶಿಬಿರ ಮುಗಿಸಿ ಹೋದ ಕೂಡಲೇ ಬೆಂಚುಗಳಿಗೆ ಕಾಂಕ್ರೀಟು ಹಾಕಿ ಭದ್ರ ಮಾಡಬೇಕು. ಎಲ್ಲಿ ಹಾಕಬೇಕೆಂದು ಮಾತ್ರ ತಿಳಿದಿರಲಿಲ್ಲ. ಸುತ್ತಲಿನ ಊರುಗಳ ಬಗೀಚಾಗಳಲ್ಲಿ ನೋಡಿದ್ದೆನಲ್ಲ, ಬೆಂಚುಗಳು ಖಾಲಿ ಇರುತ್ತವೆ, ಜನ ಕಾಂಪೌಂಡಿನ ಬುಡದಲ್ಲಿ ಕೂತಿರುತ್ತಾರೆ. ಮೇಲಾಗಿ ಅವ್ವ ಹೇಳಿಬಿಟ್ಟಿದ್ದಳು:

"ಮೊಳಕಾಲ ನೂಸಾಕತ್ತಾವ, ದೂರ ಹೋಗಾಕ ಆಗೂದಿಲ್ಲ. ನಿನ್ನ ಬಗೀಚಾ ಆತಂದ್ರ ದಿನಾ ಬಂದು ಕುಂಡ್ರತೇನಿ ನೋಡು."

ಅವ್ವ ಮನೆ ಬಿಟ್ಟು ಹೊರಗೆ ಕೂತು ಎಷ್ಟೋ ಕಾಲವಾಗಿತ್ತು. ಅವಳು ಬಂದು, ನೋಡಿ, ಕೂರದೆ ತಿರುಗಿ ಹೋದರೆ? ನನಗೆ ನಿಜವಾಗಿ ಹೆದರಿಕೆ ಇದ್ದದ್ದು ಅದೊಂದಕ್ಕೇ.

ಪಾಠ ಹೇಳಲು ದೊಡ್ಡ ಊರಿನಿಂದ ಬಂದಿದ್ದ ಮೇಡಂ ಪರದೆಯ ಮೇಲೆ ಚಂದಚಂದದ ಚಿತ್ರ ತೋರಿಸಿದರು. ಹಸಿರು ಹುಲ್ಲು, ಕಾರಂಜಿ, ಅದಕ್ಕೆ ಮುಖ ಮಾಡಿದ ಬೆಂಚು. ನನ್ನ ಪಕ್ಕದಲ್ಲಿ ಜೇವರ್ಗಿ ತಾಲೂಕಿನ ಕೊಳಕೂರಿನಿಂದ ಬಂದಿದ್ದ ಇಂಜಿನಿಯರ್ ಶರಣಪ್ಪ ಕೂತಿದ್ದರು. ಅವರು ಎದ್ದು ನಿಂತರು.

"ಮೇಡಂ, ಇಷ್ಟ್ ಬೆಂಚ್ ತೋರ್ಸಿದ್ರಿ. ಒಂದರ ಮ್ಯಾಲರೆ ಯಾರೂ ಕುಂತಿಲ್ಲಲ್ರಿ?"

ಜನ ಬರುವ ಮೊದಲು ಫೋಟೊ ತೆಗೆಯುತ್ತಾರೆ ಎಂದು ಮೇಡಂ ನಕ್ಕರು. ನಾವೂ ನಕ್ಕೆವು. ಆದರೆ ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು.

ಮರುದಿನ ಕರೆಂಟು ಹೋಯಿತು. ಏಸಿ ನಿಂತಿತು, ಒಳಗೆ ಉಸಿರು ಕಟ್ಟತೊಡಗಿತು. ತಲೆಗೊಂದು ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಎಲ್ಲರೂ ಅಂಗಳಕ್ಕೆ ಬಂದು ಎತ್ತರದ ನೀರಿನ ಟ್ಯಾಂಕಿನ ನೆರಳಿನಲ್ಲಿ ಕೂತೆವು. ಪಾಠ ಮುಂದುವರಿಯಿತು. ಮಣ್ಣಿನ ಗುಣದ ಬಗ್ಗೆ, ನಮ್ಮ ಕಪ್ಪು ಮಣ್ಣಿನ ಯರಿಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಗೆ ಉಬ್ಬುವುದರ ಬಗ್ಗೆ ಮೇಡಂ ಬಹಳ ಚೆನ್ನಾಗಿ ಹೇಳಿದರು. ಮುಗಿದಾಗ ನೋಡಿದರೆ ನಾವು ಟ್ಯಾಂಕಿನ ಹತ್ತಿರ ಇರಲೇ ಇಲ್ಲ, ಗೇಟಿನ ಕಡೆಗೆ ಬಂದುಬಿಟ್ಟಿದ್ದೆವು. ಎಲ್ಲರೂ ಕೇಳುತ್ತ ಕೇಳುತ್ತಲೇ ಕುರ್ಚಿ ಎಳೆದುಕೊಂಡು ನೆರಳಿನ ಹಿಂದೆ ಸರಿದಿದ್ದೆವು. ಮೇಡಂ ಕೂಡ ಲ್ಯಾಪ್‌ಟಾಪ್ ಸಮೇತ ಸರಿದಿದ್ದರು. ಕುರ್ಚಿ ಕಾಲುಗಳು ಎಳೆದ ಗೆರೆಗಳು ಧೂಳಿನಲ್ಲಿ ಹಾಗೇ ಬಿದ್ದಿದ್ದವು.

ನಮ್ಮ ಸೀಮೆಯವರಿಗೆ ಇದು ಹುಟ್ಟಿನಿಂದ ಬಂದ ವಿದ್ಯೆ ಇರಬೇಕು. ಆಳಂದದಲ್ಲಿ ಬಸ್ಸಿಗೆ ಕಾಯುವವರು ಒಂದೇ ಒಂದು ಲೈಟಿನ ಕಂಬದ ನೆರಳಿನಲ್ಲಿ ಒಬ್ಬರ ಹಿಂದೊಬ್ಬರು ಸಾಲಾಗಿ ನಿಂತದ್ದನ್ನು ಕಂಡಿದ್ದೇನೆ. ಬೇರೆಲ್ಲೂ ಸಾಲು ಹಿಡಿಯದ ಜನ ಅಲ್ಲಿ ಎಷ್ಟು ಶಿಸ್ತಿನಿಂದ ನಿಲ್ಲುತ್ತಾರೆ! ಬಸ್ಸು ಬಂದರೂ ಸೀಟು ಹಿಡಿಯುವ ಮೊದಲು ದಾರಿ ಯಾವ ಕಡೆ ತಿರುಗುತ್ತದೆ, ಬಿಸಿಲು ಯಾವ ಬಾಜೂ ಬೀಳುತ್ತದೆ ಎಂದು ಮನಸ್ಸಿನಲ್ಲೇ ಭೂಗೋಳ ಮಾಡುತ್ತಾರೆ. ಇಂಥವರಿಗೆ ನಾನು ಬೆಂಚನ್ನು ಕಾಂಕ್ರೀಟಿನಲ್ಲಿ ಹೂಳಲು ಹೊರಟಿದ್ದೆ.

"ಬೆಂಚು ಹೂಳದೆ ಹಾಗೇ ಇಟ್ಟರೆ ಹೇಗೆ? ಜನ ಬೇಕಾದಲ್ಲಿಗೆ ಎಳೆದುಕೊಳ್ಳಲಿ," ಎಂದೆ. ಮೇಡಂಗೆ ಬಹಳ ಇಷ್ಟವಾಯಿತು.

ಶರಣಪ್ಪ ತಲೆ ಅಲ್ಲಾಡಿಸಿದರು. "ಹಂಗ್ ಬಿಟ್ರ ಮುಂಜಾನಿ ಅನ್ನೂದ್ರಾಗ ಯಾರ್ ಮನಿ ಅಂಗಳದಾಗ ಇರ್ತಾವೋ, ಹುಡುಕ್ಕೋತ ತಿರಗ್ರಿ!"

ಕೊನೆಗೆ ಮೂವರೂ ಕೂಡಿ ಒಂದು ನಕ್ಷೆ ಬರೆದೆವು. ನಮ್ಮ ಬಗೀಚಾದಲ್ಲಿ ಮೊದಲೇ ಒಂದು ದೊಡ್ಡ ಬೇವಿನ ಮರವಿತ್ತು. ಬೆಂಚೇ ಬೇಡ, ಮರವನ್ನು ನಡುವೆ ಬಿಟ್ಟು ಸುತ್ತ ಕೊಂಬೆಗಳ ಅಂಚಿಗೆ ಮೊಳಕಾಲೆತ್ತರದ ದುಂಡನೆಯ ಗೋಡೆ, ಅದರ ಮೇಲೆ ಕೂರಲು ಶಹಾಬಾದಿ ಫರ್ಸಿ ಕಲ್ಲಿನ ಹಾಸು. ನೆರಳು ಎತ್ತ ತಿರುಗಿದರೂ ಗೋಡೆಯ ಒಂದು ಭಾಗಕ್ಕೆ ಸಿಕ್ಕೇ ಸಿಗುತ್ತದೆ. ನಾವೇನೋ ಸೂರ್ಯನನ್ನೇ ಗೆದ್ದವರ ಹಾಗೆ ಕೈಕುಲುಕಿಕೊಂಡೆವು.

ಬಗೀಚಾ ತೆರೆದ ದಿನ ಇಳಿಹೊತ್ತಿಗೆ ಅವ್ವ ಬಂದಳು. ನಾನು ಏನೂ ಅರಿಯದವನಂತೆ ಹಿಂದೆ ಹಿಂದೆ ನಡೆದೆ. ಅವಳು ನೆರಳಿದ್ದ ಕಡೆಗೇ ಹೋದಳು, ನನ್ನ ಎದೆ ಹಿಗ್ಗಿತು. ಫರ್ಸಿಯ ಮೇಲೆ ಅಂಗೈ ಇಟ್ಟವಳು ಥಟ್ಟನೆ ಹಿಂದೆಗೆದಳು.

"ಯಪ್ಪಾ, ಹಂಚ್ ಕಾದಂಗ ಕಾದದಲ್ಲೋ! ಇದರ ಮ್ಯಾಲ ರೊಟ್ಟಿ ಬೇಯಿಸ್ತಿ ಏನು?"

ಮಧ್ಯಾಹ್ನದ ಬಿಸಿಲನ್ನು ಕಲ್ಲು ಸಂಜೆಯತನಕ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಮೂವರು ಪರಿಣತರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅವ್ವ ಇನ್ನು ಮನೆಗೆ ಹೊರಟಳು ಎಂದುಕೊಂಡು ನಾನು ಪೆಚ್ಚಾಗಿ ನಿಂತೆ. ಅವಳು ಹೆಗಲ ಮೇಲಿನ ಟವೆಲು ತೆಗೆದು ನೆಲಕ್ಕೆ ಹಾಸಿದಳು, ನನ್ನ ತೋಳು ಹಿಡಿದು ಮೆಲ್ಲಗೆ ಕೂತಳು, ಗೋಡೆಗೆ ಬೆನ್ನು ಕೊಟ್ಟು ನೋಯುವ ಕಾಲುಗಳನ್ನು ಉದ್ದಕ್ಕೆ ಚಾಚಿದಳು. ಆಗ ಅವಳ ಬಾಯಿಂದ ಹೊರಟ "ಹಾ..." ಎಂಬ ಉದ್ಗಾರಕ್ಕೆ ಸಮನಾದ ಪ್ರಮಾಣಪತ್ರ ನನಗೆ ಯಾವ ಶಿಬಿರದಲ್ಲೂ ಸಿಕ್ಕಿಲ್ಲ. ಓಣಿಯ ಹೆಂಗಸರು ಬಂದು ಪಕ್ಕಪಕ್ಕದಲ್ಲೇ ಗೋಡೆಗೆ ಒರಗಿ ಕೂತರು.

ಅಷ್ಟರಲ್ಲಿ ಶರಣಪ್ಪನವರ ಫೋನು. "ಏನ್ರಿ, ಮಂದಿ ಗ್ವಾಡಿ ಮ್ಯಾಲ ಕುಂತಾರೇನ್ರಿ?"

"ಕುಂತಾರ್ರಿ. ಗ್ವಾಡಿ ಮ್ಯಾಲಲ್ಲ, ಬುಡಕ."

ಅವ್ವ ಕತ್ತೆತ್ತಿ ನೋಡಿದಳು. "ಲೇ ಇಂಜಿನಿಯರ್ ಸಾಹೇಬ, ಎಲ್ಲಾರನೂ ಕುಂಡ್ರಿಸಿ ನೀ ಯಾಕ್ ನಿಂತಿ? ಕೂಡು."

ಕೂತೆ. ಹೊರಾಂಗಣದ ಬಗ್ಗೆ ಅಷ್ಟೆಲ್ಲ ಕಲಿತವನು ಸುಮ್ಮನೆ ಹೊರಗೆ ಕೂತದ್ದು ಕೊನೆಗೆ ಯಾವಾಗ ಎಂಬುದು ನೆನಪಾಗಲಿಲ್ಲ. ತೆರೆಯುವ ಮುನ್ನ ನೀರು ಹೊಡೆದಿದ್ದ ನೆಲ ತಂಪಾಗಿತ್ತು. ಸ್ವಲ್ಪ ಹೊತ್ತಿಗೆ ಕೊಂಬೆಗಳ ಕೆಳಗಿನಿಂದ ಓರೆ ಬಿಸಿಲು ನಮ್ಮ ಪಾದದ ಹತ್ತಿರ ಬಂತು. ಅವ್ವ ಮಾತು ನಿಲ್ಲಿಸದೆಯೇ ಟವೆಲು ಎಳೆದುಕೊಂಡು ಗೋಡೆಗುಂಟ ಒಂಚೂರು ಸರಿದಳು. ನಾನೂ ಸರಿದೆ.